ಪ್ರತಿಕೃತಿ ಕಾರಿನ ಎಂಜಿನ್ : ಬಲ ಮತ್ತು ಅಳತೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಜಾವಾ ಎಂಬ ಹೆಸರನ್ನು ಕೇಳದ ಹಿರಿಯರು ವಿರಳ. ಸಂತೆಗೆ, ಹೊಗೆಸೊಪ್ಪಿನ ಹರಾಜಿಗೆ, ತಾಲ್ಲೂಕು ಕಚೇರಿಗೆ ಹೋಗಿಬರುವವರ ಬಳಿ ಇರುತ್ತಿದ್ದ ಆ ಮೋಟಾರು ಸೈಕಲ್ಲಿಗೆ ಸಿಲಿಂಡರು ಒಂದೇ. ಹೊಗೆ ನಳಿಗೆಗಳು ಮಾತ್ರ ಎರಡು. ಎಂಜಿನನ್ನು ಒದ್ದು ಚಾಲೂ ಮಾಡುವ ಸನ್ನೆಯನ್ನೇ ಮುಂದಕ್ಕೆ ಬಾಗಿಸಿದರೆ ಅದು ಗೇರು ಬದಲಿಸುವ ಸನ್ನೆಯಾಗುತ್ತಿತ್ತು. ಇಂಥ ಯಂತ್ರದ ಮೈಯನ್ನು ಬಿಚ್ಚಿ ಜೋಡಿಸಬಲ್ಲ ಕುಶಲಿಗಳು ಈ ಪ್ರದೇಶದಲ್ಲಿ ತಲೆಮಾರುಗಳ ಕಾಲ ಬೆಳೆದುಬಂದರು. ಹೆಚ್ಚಿನ ಬಲದ ಎಂಜಿನನ್ನು ಕಟ್ಟುವ ವಿದ್ಯೆಯನ್ನು ಕುರಿತು ಯೋಚಿಸುವಾಗ ದೂರದ ದೇಶಗಳ ಪಂದ್ಯದ ಕಾರುಗಳಿಗಿಂತ ಮೊದಲು ಈ ಪರಿಚಿತ ಯಂತ್ರವನ್ನು ನೆನೆಯುವುದು ಉಚಿತವಾಗಿದೆ.

ಜಾವಾ ಮೂಲತಃ ಚೆಕೊಸ್ಲೊವಾಕಿಯದ್ದು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮತ್ತು ಆ ಸಂಸ್ಥೆಯ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಈ ಹೆಸರನ್ನಿಟ್ಟನು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಅಂದಿನ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದರು. ಚೆಕ್ ಮಾದರಿಯ ಪ್ರತಿಕೃತಿಯನ್ನು ಪರವಾನಗಿಯ ಮೇರೆಗೆ ಇಲ್ಲಿ ತಯಾರಿಸಲಾಗುತ್ತಿತ್ತು. 1973ರಿಂದ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂದಿತು. 1978ರಲ್ಲಿ ಹೊರಬಂದ ರೋಡ್‌ಕಿಂಗ್ ಎಂಬ ಮಾದರಿಯೇ ಇಲ್ಲಿ ವಿಶೇಷವಾಗಿ ಗಮನಿಸಬೇಕಾದುದು. ಹಳೆಯ ಜಾವಾದ ಎಂಜಿನ್ ಸುಮಾರು 12 ಅಶ್ವಶಕ್ತಿಯನ್ನು ಕೊಡುತ್ತಿದ್ದರೆ, ಅದೇ 250 ಘನ ಸೆಂಟಿಮೀಟರ್ ವರ್ಗದ ರೋಡ್‌ಕಿಂಗ್ ಸುಮಾರು 16 ಅಶ್ವಶಕ್ತಿಯನ್ನು ಕೊಟ್ಟಿತು. ಗಾತ್ರ ಹಿಗ್ಗದೆ ಬಲ ಮೂರನೆಯ ಒಂದು ಪಾಲಿನಷ್ಟು ಹಿಗ್ಗಿತು. ಇದು ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಈ ಲೇಖನದ ವಿಷಯ.

ಇದೇ ಪ್ರಶ್ನೆಯನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಎದುರಿಸುವವರು ಪ್ರತಿಕೃತಿ ಕಾರುಗಳನ್ನು ಕಟ್ಟುವವರು. ಹಿಂದಿನ ಕಾಲದ ಪ್ರಸಿದ್ಧ ಕ್ರೀಡಾ ಕಾರೊಂದರ ಆಕಾರವನ್ನು ಹೊಸದಾಗಿ ಎರಕ ಹೊಯ್ದು, ಅದರೊಳಗೆ ತಮ್ಮ ಇಚ್ಛೆಯ ಎಂಜಿನನ್ನು ಕೂರಿಸುವ ಹವ್ಯಾಸ ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಬೇರೂರಿದೆ. ಇದರಲ್ಲಿ ಅಗ್ರಸ್ಥಾನ ಕೋಬ್ರಾ ಎಂಬ ಕಾರಿನದು. 1962ರಲ್ಲಿ ಅಮೆರಿಕದ ಪಂದ್ಯಗಾರ ಕ್ಯಾರಲ್ ಶೆಲ್ಬಿ ಇಂಗ್ಲೆಂಡಿನ ಎ.ಸಿ. ಸಂಸ್ಥೆಯ ಹಗುರವಾದ ಕಾರಿನ ಒಡಲಿಗೆ ಅಮೆರಿಕದ ಫೋರ್ಡ್ ಸಂಸ್ಥೆಯ ಎಂಟು ಸಿಲಿಂಡರುಗಳ ಎಂಜಿನನ್ನು ಸೇರಿಸಿದನು. ಮೂಲ ಕಾರುಗಳು ತಯಾರಾದದ್ದು ಸುಮಾರು ಒಂದು ಸಾವಿರ ಮಾತ್ರ. ಅನಂತರ ಬಂದ ಪ್ರತಿಕೃತಿಗಳ ಸಂಖ್ಯೆ ಅದರ ಅನೇಕ ಪಟ್ಟು. ಭಾರತದಲ್ಲಿಯೂ ಈ ಪ್ರಯತ್ನಗಳು ನಡೆದಿವೆ. ಇಂಗ್ಲೆಂಡಿನ ಲೋಟಸ್ ಸೆವೆನ್ ಮಾದರಿಯಲ್ಲಿ ಮಹಾರಾಷ್ಟ್ರದ ಚಿಂಕಾರಾ ಸಂಸ್ಥೆ ಕಟ್ಟಿದ ಕಾರಿಗೆ 1.8 ಲೀಟರಿನ ಇಸುಜು ಎಂಜಿನನ್ನು ಅಳವಡಿಸಲಾಯಿತು. ಬೆಂಗಳೂರಿನ ಸ್ಯಾನ್ ಮೋಟಾರ್ಸ್ 1998ರಲ್ಲಿ ಹೊರತಂದ ಸ್ಟಾರ್ಮ್ ಎಂಬ ಎರಡು ಆಸನಗಳ ತೆರೆದ ಕಾರು ಪ್ರತಿಕೃತಿಯಲ್ಲ. ಆದರೂ ಅದರಲ್ಲಿದ್ದ 1.2 ಲೀಟರಿನ ಪುಟ್ಟ ರೆನೋ ಎಂಜಿನು, ಒಡಲು ಕ್ರೀಡಾ ಕಾರಿನದ್ದಾದ ಮಾತ್ರಕ್ಕೆ ಬಲ ತಾನಾಗಿ ಬರಲಾರದೆಂಬುದನ್ನು ತೋರಿಸುತ್ತದೆ. ಗಾಜಿನ ನಾರಿನ ಒಡಲನ್ನು ಅಚ್ಚಿನಿಂದ ಪಡೆಯಬಹುದು. ಎಂಜಿನನ್ನು ಹಾಗೆ ಪಡೆಯಲಾಗದು. ಅದನ್ನು ಅಳೆದು ಕಟ್ಟಬೇಕು.

ಎಂಜಿನುಗಳನ್ನು ಹೋಲಿಸುವಾಗ ಒಂದು ಲೀಟರ್ ಗಾತ್ರಕ್ಕೆ ಎಷ್ಟು ಅಶ್ವಶಕ್ತಿ ಎಂದು ಕೇಳುವುದು ವಾಡಿಕೆ. ಶೆಲ್ಬಿಯ ಕಾರಿನಲ್ಲಿ ಬಳಕೆಯಾದ 289 ಘನ ಅಂಗುಲದ, ಎಂದರೆ ಸುಮಾರು 4.7 ಲೀಟರಿನ, ಹೆಚ್ಚು ಬಲದ ಫೋರ್ಡ್ ಎಂಜಿನ್ 271 ಅಶ್ವಶಕ್ತಿಯದು. ಲೀಟರಿಗೆ ಸುಮಾರು 57. ರೋಡ್‌ಕಿಂಗ್‌ನದು ಲೀಟರಿಗೆ ಸುಮಾರು 64! ಪಿರಿಯಾಪಟ್ಟಣದ ರಸ್ತೆಯಲ್ಲಿ ಗೊಬ್ಬರದ ಮೂಟೆ ಹೊತ್ತು ಓಡಾಡಿದ ಬೈಕು ಕೋಬ್ರಾವನ್ನು ಮೀರಿಸಿತೆಂದು ಹಿಗ್ಗುವ ಮೊದಲು ಒಂದು ಮಾತನ್ನು ಗಮನಿಸಬೇಕು. ಯೆಜ್ಡಿಯದು ಎರಡು ಹೊಡೆತದ ಎಂಜಿನು. ಅದರಲ್ಲಿ ಪ್ರತಿ ಸುತ್ತಿಗೂ ಒಂದು ದಹನ. ಫೋರ್ಡ್ ನಾಲ್ಕು ಹೊಡೆತದ್ದು; ಅದರ ಪ್ರತಿಯೊಂದು ಸಿಲಿಂಡರಿನಲ್ಲಿ ಎರಡು ಸುತ್ತಿಗೆ ಒಂದು ದಹನ. ಒಂದೊಂದು ದಹನದಿಂದ ಎಷ್ಟು ಬಲ ದೊರೆಯಿತೆಂದು ಲೆಕ್ಕ ಹಾಕಿದರೆ ಫೋರ್ಡೇ ಮುಂದು. ಅಳತೆಯ ಮಾನವನ್ನು ಸರಿಯಾಗಿ ಆರಿಸದಿದ್ದರೆ ಸರಿಯಾದ ಅಂಕಿಗಳಿಂದಲೂ ತಪ್ಪು ತೀರ್ಮಾನ ಹೊರಡುತ್ತದೆ.

ಬಲವನ್ನು ಹೆಚ್ಚಿಸುವ ದಾರಿಗಳು ಮೂಲದಲ್ಲಿ ಕೆಲವೇ. ಎಂಜಿನಿನ ಗಾತ್ರವನ್ನು ಹಿಗ್ಗಿಸುವುದು ಒಂದು. ಅದು ಹೆಚ್ಚು ಗಾಳಿಯನ್ನು ಸೇದುವಂತೆ ಮಾಡುವುದು ಇನ್ನೊಂದು. ಸೇದಿದ ಮಿಶ್ರಣವನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಉರಿಸುವುದು ಮತ್ತೊಂದು. ಇವೆಲ್ಲವನ್ನೂ ನಿಮಿಷಕ್ಕೆ ಹೆಚ್ಚು ಬಾರಿ ನಡೆಸುವುದು ಕೊನೆಯದು. ಪೆಟ್ರೋಲನ್ನು ಸುರಿಯುವುದು ಸುಲಭ. ಅದನ್ನು ಉರಿಸಲು ತೂಕದಲ್ಲಿ ಅದರ ಹದಿನಾಲ್ಕು ಪಟ್ಟಿಗೂ ಹೆಚ್ಚು ಗಾಳಿ ಬೇಕು. ಎಂಜಿನಿನ ಬಲವೆಂಬುದು ಅದರ ಉಸಿರಿನ ಬಲ.

ಗಾತ್ರದ ಮಾತನ್ನು ಮೊದಲು ನೋಡಬಹುದು. ಫೋರ್ಡಿನ 302 ಎಂಬ ಎಂಜಿನ್ ಪ್ರತಿಕೃತಿ ಕಟ್ಟುವವರಿಗೆ ಬಹಳ ಪ್ರಿಯವಾದುದು. ಅದರ ಸಿಲಿಂಡರಿನ ವ್ಯಾಸ 101.6 ಮಿಲಿಮೀಟರ್, ಪಿಸ್ಟನ್ನಿನ ಓಟ 76.2 ಮಿಲಿಮೀಟರ್. ವೃತ್ತದ ಕ್ಷೇತ್ರಫಲವನ್ನು ಓಟದಿಂದ ಗುಣಿಸಿ, ಅದನ್ನು ಎಂಟರಿಂದ ಗುಣಿಸಿದರೆ 4,942 ಘನ ಸೆಂಟಿಮೀಟರ್. ಎಂಟನೆಯ ತರಗತಿಯ ವಿದ್ಯಾರ್ಥಿ ಮಾಡಬಹುದಾದ ಲೆಕ್ಕ. ಕಟ್ಟುಗಾರರು ಇದರ ಸಿಲಿಂಡರನ್ನು ಕೊರೆದು 102.36 ಮಿಲಿಮೀಟರಿಗೆ ಹಿಗ್ಗಿಸಿ, ಓಟ 86.36 ಮಿಲಿಮೀಟರ್ ಇರುವ ಬೇರೊಂದು ಕ್ರ್ಯಾಂಕ್ ದಂಡವನ್ನು ಹಾಕುತ್ತಾರೆ. ಗಾತ್ರ ಸುಮಾರು 5,685 ಘನ ಸೆಂಟಿಮೀಟರಿಗೆ ಏರುತ್ತದೆ. ಘನ ಅಂಗುಲದಲ್ಲಿ 347. ಆ ಸಂಖ್ಯೆಯಿಂದಲೇ ಅದು ಪ್ರಸಿದ್ಧ. ಹೊರಗಿನಿಂದ ನೋಡಿದರೆ ಎರಡೂ ಎಂಜಿನುಗಳು ಒಂದೇ. ವ್ಯಾಸ ಮುಕ್ಕಾಲು ಮಿಲಿಮೀಟರಿನಷ್ಟು ಮಾತ್ರ ಹಿಗ್ಗಿರುವುದನ್ನು ಗಮನಿಸಿದರೆ, ಗಳಿಕೆಯ ಬಹುಪಾಲು ಉದ್ದನೆಯ ಓಟದಿಂದ ಬಂದುದೆಂದು ತಿಳಿಯುತ್ತದೆ.

ಆದರೆ ಈ ಗಳಿಕೆಗೆ ಬೆಲೆ ತೆರಬೇಕಾಗುತ್ತದೆ. ಓಟ ಉದ್ದವಾದಷ್ಟೂ ಪಿಸ್ಟನ್ ಅದೇ ಕಾಲದಲ್ಲಿ ಹೆಚ್ಚು ದೂರ ಓಡಬೇಕು. ಜಾವಾದ ಓಟ 75 ಮಿಲಿಮೀಟರ್; ನಿಮಿಷಕ್ಕೆ 4,750 ಸುತ್ತಿನಲ್ಲಿ ಅದರ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 12 ಮೀಟರ್. 347 ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದಾಗ ಅದು 17 ಮೀಟರಿಗೂ ಮೀರುತ್ತದೆ. ಪ್ರತಿ ಓಟದ ಕೊನೆಯಲ್ಲಿ ಪಿಸ್ಟನ್ ನಿಂತು ಹಿಂದಿರುಗಬೇಕು. ಹಾಗೆ ಹಿಂದಿರುಗಿಸಲು ಬೇಕಾದ ವೇಗೋತ್ಕರ್ಷ ಭೂಮಿಯ ಗುರುತ್ವದ ಸುಮಾರು 2,300 ಪಟ್ಟು! ಪಿಸ್ಟನ್ನು, ಅದರ ಬಳೆಗಳು ಮತ್ತು ಕೀಲು ಸೇರಿ 600 ಗ್ರಾಂ ತೂಗಿದರೆ, ಮೇಲಿನ ತುದಿಯಲ್ಲಿ ಅದು ಸಂಯೋಜಕ ದಂಡವನ್ನು ಸುಮಾರು 1,370 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯುತ್ತದೆ. ಕಾಕನಕೋಟೆಯ ಖೆಡ್ಡಾಗಳಲ್ಲಿ ಹಿಡಿದ ಆನೆಗಳನ್ನು ಹಗ್ಗದಿಂದ ಬಿಗಿದು ಪಳಗಿದ ಆನೆಗಳ ನಡುವೆ ನಡೆಸುತ್ತಿದ್ದುದನ್ನು ಕಂಡವರು ಈ ಸೀಮೆಯಲ್ಲಿ ಇನ್ನೂ ಇರಬಹುದು. ಅಲ್ಲಿನ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಬೆಳೆದ ಹೆಣ್ಣಾನೆಯೊಂದು ಎರಡೂವರೆ ಟನ್ನಿನ ಆಸುಪಾಸು ತೂಗುತ್ತದೆ. ಅಂಥ ಆನೆಯ ಅರ್ಧ ತೂಕ, ಬೆರಳು ದಪ್ಪವೂ ಇಲ್ಲದ ಎರಡು ಬೋಲ್ಟುಗಳ ಮೇಲೆ ಜೋತು ಬೀಳುತ್ತದೆ. ಸಂಪೀಡನದ ಕೊನೆಯಲ್ಲಾದರೆ ಅನಿಲದ ಒತ್ತಡ ಈ ಎಳೆತವನ್ನು ಎದುರಿಸಿ ನಿಲ್ಲುತ್ತದೆ. ಹೊಗೆಯನ್ನು ಹೊರದೂಡಿದ ಕೊನೆಯ ಕ್ಷಣದಲ್ಲಿ ಆ ನೆರವೂ ಇಲ್ಲ. ಹೀಗೆ ಸೆಕೆಂಡಿಗೆ ಐವತ್ತು ಬಾರಿ. ವೇಗವನ್ನು 7,000 ಸುತ್ತಿಗೆ ಏರಿಸಿದರೆ ಎಳೆತ 1,860 ಕಿಲೋಗ್ರಾಮಿನಷ್ಟಾಗುತ್ತದೆ. ಏಕೆಂದರೆ ಅದು ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಹೆಚ್ಚು ಬಲದ ಎಂಜಿನುಗಳು ಒಡೆಯುವುದು ಹೆಚ್ಚಾಗಿ ಬಲದಿಂದಲ್ಲ, ವೇಗದಿಂದ. ಆದ್ದರಿಂದ ಅನುಭವಿ ಕಟ್ಟುಗಾರನು ಕಾರ್ಬ್ಯುರೇಟರನ್ನು ಕೊಳ್ಳುವ ಮೊದಲು ಬೋಲ್ಟುಗಳಿಗೆ ಹಣ ತೆರುತ್ತಾನೆ. ಮೂಲ 302ರ ಎರಕದ ಕಟ್ಟಿಗೂ ಒಂದು ಮಿತಿ ಇದೆ. ಸುಮಾರು 500 ಅಶ್ವಶಕ್ತಿಯ ಆಚೆಗೆ ಅದು ಉದ್ದಕ್ಕೂ ಸೀಳುವುದುಂಟೆಂಬುದು ಆ ಕೆಲಸದಲ್ಲಿ ಪಳಗಿದವರೆಲ್ಲರ ಅನುಭವ.

ಉಸಿರಿನ ವಿಷಯಕ್ಕೆ ಬಂದರೆ ಮತ್ತೆ ಜಾವಾದ ಬಳಿಗೆ ಬರಬೇಕಾಗುತ್ತದೆ. ಎರಡು ಹೊಡೆತದ ಎಂಜಿನಿಗೆ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳೇ ಬಾಗಿಲು. ಮೇಲೆ ಕೆಳಗೆ ಸರಿಯುವ ಪಿಸ್ಟನ್ನೇ ಬಾಗಿಲ ಹಲಗೆ. ಹಳೆಯ ಹೊಗೆ ಹೊರಗೆ ಹೋಗುವ ಕಿಂಡಿ ಮತ್ತು ಹೊಸ ಮಿಶ್ರಣ ಒಳಗೆ ಬರುವ ಕಿಂಡಿ ಸ್ವಲ್ಪ ಕಾಲ ಒಟ್ಟಿಗೆ ತೆರೆದಿರುತ್ತವೆ. ಆಗ ಹೊಸ ಮಿಶ್ರಣದ ಒಂದಂಶ ಉರಿಯದೆಯೇ ಹೊರಗೆ ಓಡಿಹೋಗುತ್ತದೆ. ಇದು ಈ ಜಾತಿಯ ಎಂಜಿನಿನ ಹುಟ್ಟುದೋಷ. ಇದಕ್ಕೆ ಉತ್ತರವನ್ನು ಕಂಡುಕೊಂಡವನು ಪೂರ್ವ ಜರ್ಮನಿಯ ತ್ಸೋಪಾವ್ ಪಟ್ಟಣದ ಎಂ.ಜೆಡ್. ಕಾರ್ಖಾನೆಯ ವಾಲ್ಟರ್ ಕಾಡೆನ್ ಎಂಬ ತಂತ್ರಜ್ಞ. ಹೊಗೆಯೊಡನೆ ನಳಿಗೆಯಲ್ಲಿ ಒಂದು ಒತ್ತಡದ ಅಲೆ ಶಬ್ದದ ವೇಗದಲ್ಲಿ ಹೊರಡುತ್ತದೆ. ನಳಿಗೆ ಅಗಲವಾಗುವಲ್ಲಿ ಆ ಅಲೆ ಹೀರುವ ಅಲೆಯಾಗಿ ಹಿಂದಿರುಗಿ ಸಿಲಿಂಡರನ್ನು ಬರಿದು ಮಾಡಲು ನೆರವಾಗುತ್ತದೆ. ಮತ್ತೆ ಕಿರಿದಾಗುವಲ್ಲಿ ಒತ್ತುವ ಅಲೆಯಾಗಿ ಹಿಂದಿರುಗಿ, ಓಡಿಹೋದ ಹೊಸ ಮಿಶ್ರಣವನ್ನು ಕಿಂಡಿ ಮುಚ್ಚುವ ಮುನ್ನ ಒಳಕ್ಕೆ ತಳ್ಳುತ್ತದೆ. ನಳಿಗೆಯ ಹೊಟ್ಟೆಯನ್ನು ಈ ಲೆಕ್ಕದ ಮೇಲೆ ಉಬ್ಬಿಸಿ, ಕಿರಿದು ಮಾಡಿ, 1961ರ ವೇಳೆಗೆ 125 ಘನ ಸೆಂಟಿಮೀಟರಿನ ಎಂಜಿನಿನಿಂದ 25 ಅಶ್ವಶಕ್ತಿಯನ್ನು ಅವನು ಪಡೆದನು. ಲೀಟರಿಗೆ 200! ಅದೇ ವರ್ಷ ಅವನ ಪಂದ್ಯಗಾರ ಎರ್ನ್‌ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿ ಜಪಾನಿನ ಸುಜುಕಿ ಸಂಸ್ಥೆಯನ್ನು ಸೇರಿದನು. 1962ರಲ್ಲಿ 50 ಘನ ಸೆಂಟಿಮೀಟರ್ ವರ್ಗದ ವಿಶ್ವಪ್ರಶಸ್ತಿ ಸುಜುಕಿಗೆ ದೊರೆಯಿತು. ಯಾದವಗಿರಿಯ ಕಾರ್ಖಾನೆ ತೆರೆದ ವರ್ಷವೂ ಅದೇ 1961 ಎಂಬುದು ಕಾಕತಾಳೀಯವಾದರೂ ನೆನಪಿನಲ್ಲಿಡಬಹುದಾದ ಸಂಗತಿ.

ಈ ಹಿನ್ನೆಲೆಯನ್ನು ಅರಿಯದ ತರುಣರು ಹೆಚ್ಚು ಬಲ ಬರುವುದೆಂಬ ಭ್ರಮೆಯಿಂದ ಹೊಗೆ ನಳಿಗೆಯ ಒಳಗಿನ ತಡೆಯನ್ನು ಕಿತ್ತುಹಾಕುವುದುಂಟು. ಶಬ್ದ ಹೆಚ್ಚುತ್ತದೆ, ಊರು ಎಚ್ಚರಗೊಳ್ಳುತ್ತದೆ, ಬಲ ಮಾತ್ರ ಹೆಚ್ಚುವುದಿಲ್ಲ. ಹಿಂದಿರುಗಬೇಕಾದ ಅಲೆಯ ಲೆಕ್ಕ ಕೆಡುತ್ತದೆ. ಮಿಶ್ರಣ ತೆಳುವಾಗಿ ಪಿಸ್ಟನ್ ಕಾದು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವುದೂ ಉಂಟು. ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯೇ ಪಿಸ್ಟನ್ನಿಗೆ ಜಾರುವಿಕೆಯನ್ನು ಕೊಡುವ ಯಂತ್ರದಲ್ಲಿ, ಇಂಧನ ತೆಳುವಾದರೆ ಎಣ್ಣೆಯೂ ತೆಳುವಾಗುತ್ತದೆ. ಅದೇ ರೀತಿ ಹೊಗೆ ಕಿಂಡಿಯ ಮೇಲಂಚನ್ನು ಅರದಿಂದ ಒಂದೆರಡು ಮಿಲಿಮೀಟರ್ ಉಜ್ಜಿ ಎತ್ತರಿಸಿದರೆ ಎಂಜಿನ್ ಹೆಚ್ಚಿನ ವೇಗದಲ್ಲಿ ಬಲಗೊಳ್ಳುತ್ತದೆ. ಆದರೆ ಕೆಳಗಿನ ವೇಗದಲ್ಲಿ ಎಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಉಜ್ಜಿ ತೆಗೆದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಪಂದ್ಯದ ಯೆಜ್ಡಿಗಳನ್ನು ಸಿದ್ಧಪಡಿಸುತ್ತಿದ್ದವರು ಇದನ್ನು ಕೈಯಿಂದಲೇ ಕಲಿತರು. ಅವರ ತಿಳಿವಳಿಕೆಯ ಬಹುಪಾಲು ಕಾಗದದ ಮೇಲೆ ಬರಲಿಲ್ಲವೆಂಬುದು ವಿಷಾದದ ಸಂಗತಿ. ಸ್ಪರ್ಧೆ ಮತ್ತು ಬಿಗಿಯಾದ ಹೊಗೆಯ ನಿಯಮಗಳ ನಡುವೆ 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಎಂಬ ಹೆಸರು 2018ರಲ್ಲಿಯೂ ಯೆಜ್ಡಿ ಎಂಬ ಹೆಸರು 2022ರಲ್ಲಿಯೂ ಬೇರೊಂದು ಸಂಸ್ಥೆಯ ಮೂಲಕ ಮರಳಿ ಬಂದವು. ಎಂಜಿನು ಮಾತ್ರ ಈಗ ನಾಲ್ಕು ಹೊಡೆತದ್ದು.

ನಾಲ್ಕು ಹೊಡೆತದ ಎಂಜಿನಿನಲ್ಲಿ ಉಸಿರನ್ನು ಆಳುವುದು ಕ್ಯಾಮ್ ದಂಡ. ಅದರ ಮೇಲಿನ ಉಬ್ಬುಗಳು ಕವಾಟಗಳನ್ನು ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತು ತೆರೆದಿಡಬೇಕೆಂದು ನಿರ್ಧರಿಸುತ್ತವೆ. ಹೆಚ್ಚು ಹೊತ್ತು ತೆರೆದಿದ್ದರೆ ಮೇಲಿನ ವೇಗದಲ್ಲಿ ಗಾಳಿ ಧಾರಾಳವಾಗಿ ನುಗ್ಗುತ್ತದೆ. ನಿಧಾನವಾಗಿ ತಿರುಗುವಾಗ ಅದೇ ಗಾಳಿ ಹಿಂದಕ್ಕೆ ಹೊರಳಿ ಎಂಜಿನ್ ಏದುಸಿರು ಬಿಡುತ್ತದೆ. ಪ್ರತಿಕೃತಿ ಕಾರನ್ನು ಕಟ್ಟುವ ಹೊಸಬರು ಇಲ್ಲಿಯೇ ಎಡವುವುದು ಹೆಚ್ಚು. ಅತಿ ದೊಡ್ಡ ಕ್ಯಾಮ್ ದಂಡವನ್ನು ಆರಿಸಿಕೊಂಡ ಕಾರೊಂದನ್ನು ಹ್ಯಾಂಡ್‌ಪೋಸ್ಟಿನಿಂದ ಅಂತರಸಂತೆಯ ಮೇಲೆ ಬಾವಲಿಯ ಕಡೆಗೆ, ಕಾಕನಕೋಟೆಯ ಕಾಡಿನೊಳಗೆ ಓಡಿಸುವುದನ್ನು ಊಹಿಸಿಕೊಳ್ಳಬಹುದು. ರಾತ್ರಿ ಸಂಚಾರ ನಿಷೇಧವಿರುವ ಆ ರಸ್ತೆಯಲ್ಲಿ ಹಗಲಿನಲ್ಲಿಯೂ ಆನೆ, ಜಿಂಕೆಗಳಿಗಾಗಿ ಮೆಲ್ಲಗೆ ಸಾಗಬೇಕು. ನಿಮಿಷಕ್ಕೆ 3,000 ಸುತ್ತಿನ ಕೆಳಗೆ ಎಳೆಯಲಾರದ ಎಂಜಿನ್ ಅಲ್ಲಿ ಪ್ರತಿ ದಿಣ್ಣೆಗೂ ಮುಗ್ಗರಿಸುತ್ತದೆ. ಅಶ್ವಶಕ್ತಿಯ ಸಂಖ್ಯೆ ತಿರುಗುಬಲ ಮತ್ತು ವೇಗಗಳ ಗುಣಲಬ್ಧದಿಂದ ಬರುತ್ತದೆ: ಕಿಲೋಗ್ರಾಂ-ಮೀಟರಿನಲ್ಲಿರುವ ತಿರುಗುಬಲವನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 716ರಿಂದ ಭಾಗಿಸಬೇಕು. 5,500 ಸುತ್ತಿನಲ್ಲಿ 50 ಕಿಲೋಗ್ರಾಂ-ಮೀಟರ್ ಇದ್ದರೆ 384 ಅಶ್ವಶಕ್ತಿ. ಆದರೆ ಚಾಲಕನ ಬೆನ್ನಿಗೆ ತಿಳಿಯುವುದು ತಿರುಗುಬಲ. 384 ಎಂಬ ಸಂಖ್ಯೆ ಹೆಚ್ಚಾಗಿ ಬಾಯಿಂದ ಬಾಯಿಗೆ ಹೋಗುವುದಕ್ಕಷ್ಟೇ ಒದಗುತ್ತದೆ.

ಇನ್ನು ಸಂಪೀಡನ. 347 ಎಂಜಿನಿನ ಒಂದು ಸಿಲಿಂಡರಿನ ಗಾತ್ರ ಸುಮಾರು 711 ಘನ ಸೆಂಟಿಮೀಟರ್. ಪಿಸ್ಟನ್ ಮೇಲಕ್ಕೆ ಬಂದಾಗ ಅದರ ತಲೆಯ ಮೇಲೆ ಉಳಿಯುವ ಜಾಗ 75 ಘನ ಸೆಂಟಿಮೀಟರ್ ಎಂದಾದರೆ ಸಂಪೀಡನ ಅನುಪಾತ 10.5ರಷ್ಟು. ಆ ಜಾಗ 68ಕ್ಕೆ ಇಳಿದರೆ ಅನುಪಾತ 11.5ರ ಹತ್ತಿರಕ್ಕೆ ಏರುತ್ತದೆ. ಒಂದೂವರೆ ಚಹಾ ಚಮಚೆಯಷ್ಟು ಜಾಗದ ವ್ಯತ್ಯಾಸ, ಪಂಪಿನಲ್ಲಿ ದೊರೆಯುವ ಪೆಟ್ರೋಲು ಸಾಕೇ ಸಾಲದೇ ಎಂಬುದನ್ನು ತೀರ್ಮಾನಿಸುತ್ತದೆ. ಅನುಪಾತ ಮಿತಿ ಮೀರಿದರೆ ಮಿಶ್ರಣವು ಕಿಡಿಯಿಂದ ಸಾಲುಸಾಲಾಗಿ ಉರಿಯದೆ ಒಮ್ಮೆಲೆ ಸಿಡಿಯುತ್ತದೆ. ಹೊರಗೆ ಕೇಳುವುದು ಗೋಲಿ ಅಲುಗಿಸಿದಂಥ ಸಣ್ಣ ಸದ್ದು. ಒಳಗೆ ಪಿಸ್ಟನ್ನಿನ ತಲೆ ತೂತಾಗುತ್ತಿರುತ್ತದೆ. ಈ ಜಾಗವನ್ನು ಅಳೆಯುವ ವಿಧಾನ ಶಾಲಾ ಅಧ್ಯಾಪಕರಿಗೆ ಸಂತೋಷವನ್ನು ಉಂಟುಮಾಡುವಂತಹುದು. ಸಿಲಿಂಡರಿನ ತಲೆಯನ್ನು ಬೋರಲು ಹಾಕಿ, ಕವಾಟಗಳನ್ನು ಮುಚ್ಚಿ, ದಹನ ಕೋಷ್ಠದ ಬಾಯಿಯ ಮೇಲೆ ಸಣ್ಣ ತೂತಿರುವ ಪಾರದರ್ಶಕ ಹಲಗೆಯನ್ನು ಗ್ರೀಸಿನಿಂದ ಅಂಟಿಸಿ, ರಸಾಯನಶಾಸ್ತ್ರದ ಪ್ರಯೋಗಾಲಯದ ಬ್ಯೂರೆಟ್ಟಿನಿಂದ ಬಣ್ಣದ ದ್ರವವನ್ನು ಗಾಳಿಗುಳ್ಳೆ ಉಳಿಯದಂತೆ ತುಂಬುತ್ತಾರೆ. ಎಷ್ಟು ಇಳಿಯಿತೋ ಅಷ್ಟು ಜಾಗ. ಎಂಟು ಕೋಷ್ಠಗಳನ್ನೂ ಹೀಗೆ ಅಳೆದು, ಅರದಿಂದ ತಿದ್ದಿ ಒಂದೇ ಅಳತೆಗೆ ತರಲಾಗುತ್ತದೆ. ದ್ರವದ ಅಂಚನ್ನು ಕಣ್ಣಿನ ಸಮಕ್ಕೆ ತಂದು ಓದಬೇಕೆಂದು ಒಂಬತ್ತನೆಯ ತರಗತಿಯಲ್ಲಿ ಹೇಳಿಕೊಟ್ಟ ಪಾಠ ಇಲ್ಲಿ ಲಕ್ಷಾಂತರ ರೂಪಾಯಿನ ಯಂತ್ರವನ್ನು ಕಾಯುತ್ತದೆ.

ಜೋಡಣೆಯ ಕೆಲಸದಲ್ಲಿ ತಾಳ್ಮೆಗೆ ಮೊದಲ ಸ್ಥಾನ. ಕ್ರ್ಯಾಂಕ್ ದಂಡ ಮತ್ತು ಬೇರಿಂಗಿನ ನಡುವೆ ಬಿಡಬೇಕಾದ ತೆರಪು, ವ್ಯಾಸದ ಸಾವಿರದ ಒಂದು ಪಾಲಿನಷ್ಟು ಎಂಬುದು ಹಳೆಯ ವಾಡಿಕೆ. 302ರ ಮುಖ್ಯ ಬೇರಿಂಗಿನಲ್ಲಿ ಇದು 0.06 ಮಿಲಿಮೀಟರಿನ ಸುತ್ತಮುತ್ತ, ತಲೆಗೂದಲಿನ ದಪ್ಪದಷ್ಟು. ಕಡಿಮೆಯಾದರೆ ಎಣ್ಣೆಗೆ ಜಾಗವಿಲ್ಲ. ಹೆಚ್ಚಾದರೆ ಎಣ್ಣೆ ನಿಲ್ಲುವುದಿಲ್ಲ. ಓಡುವ ಎಂಜಿನಿನಲ್ಲಿ ಲೋಹವು ಲೋಹವನ್ನು ಮುಟ್ಟುವುದೇ ಇಲ್ಲ, ಆ ಎಣ್ಣೆಯ ಪೊರೆಯ ಮೇಲೆ ತೇಲುತ್ತದೆ. ಪಿಸ್ಟನ್ನಿನ ಬಳೆಗಳ ತುದಿಗಳ ನಡುವೆಯೂ ಇದೇ ರೀತಿ ಸುಮಾರು 0.4 ಮಿಲಿಮೀಟರ್ ಬಿಡಬೇಕು. ಬಿಡದಿದ್ದರೆ ಕಾದು ಹಿಗ್ಗಿದ ಬಳೆಯ ತುದಿಗಳು ಒಂದನ್ನೊಂದು ಗುದ್ದಿ ಸಿಲಿಂಡರಿನ ಗೋಡೆಯನ್ನು ಗೀರಿಬಿಡುತ್ತವೆ. ಪಿಸ್ಟನ್ನುಗಳನ್ನೂ ದಂಡಗಳನ್ನೂ ಅಕ್ಕಸಾಲಿಗನಂತೆ ಗ್ರಾಂ ಲೆಕ್ಕದಲ್ಲಿ ತೂಗಿ ಸಮ ಮಾಡಬೇಕು.

ಪ್ರತಿಯೊಂದು ಎಂಜಿನಿಗೂ ತನ್ನದೇ ಆದ ಗುಟ್ಟುಗಳಿವೆ. 302ರ ಕ್ರ್ಯಾಂಕ್ ದಂಡದ ಸಮತೋಲನದ ಒಂದಂಶ ದಂಡದ ಹೊರಗೆ, ಹಿಂದಿನ ಗಾಲಿಯಲ್ಲಿಯೂ ಮುಂದಿನ ಚಕ್ರದಲ್ಲಿಯೂ ಇರುತ್ತದೆ. 1980ರ ದಶಕದ ಆರಂಭದವರೆಗೆ ಅದು 28 ಔನ್ಸ್-ಅಂಗುಲ. ಅನಂತರದ ಎಂಜಿನುಗಳಲ್ಲಿ 50. ಹಳೆಯ ದಂಡಕ್ಕೆ ಹೊಸ ಗಾಲಿಯನ್ನು ಬಿಗಿದರೆ ಎಲ್ಲ ಬೋಲ್ಟುಗಳೂ ಸರಿಯಾಗಿಯೇ ಕೂರುತ್ತವೆ. ಎಂಜಿನ್ ಮಾತ್ರ ನಡುಗಿ ನಡುಗಿ ತನ್ನನ್ನೇ ಒಡೆದುಕೊಳ್ಳುತ್ತದೆ. ಕಿಡಿಯ ಕ್ರಮವೂ ಹೀಗೆಯೇ. ಹಳೆಯ 302ರ ಸಿಲಿಂಡರುಗಳು 1-5-4-2-6-3-7-8 ಎಂಬ ಕ್ರಮದಲ್ಲಿ ಉರಿಯುತ್ತವೆ. ಅನಂತರದ ಹೆಚ್ಚು ಬಲದ ಮಾದರಿಯ ಕ್ಯಾಮ್ ದಂಡಕ್ಕೆ 1-3-7-2-6-5-4-8 ಎಂಬ ಕ್ರಮ. ದಂಡವನ್ನು ಬದಲಿಸಿ ತಂತಿಗಳನ್ನು ಬದಲಿಸದಿದ್ದರೆ ಕಾರ್ಬ್ಯುರೇಟರಿನ ಬಾಯಿಂದ ಬೆಂಕಿ ಬರುತ್ತದೆ. ಮೇಲ್ನೋಟಕ್ಕೆ ಸರಿಹೊಂದುವ ಭಾಗವೆಲ್ಲವೂ ಸರಿಯಾದ ಭಾಗವಲ್ಲ.

ಬಲ ಹೆಚ್ಚಿದ ಮೇಲೆ ಅದನ್ನು ತಡೆಯುವ ಮಾತು ಬರುತ್ತದೆ. ಒಂದು ಟನ್ನಿನ ಕಾರು ಗಂಟೆಗೆ 100 ಕಿಲೋಮೀಟರಿನಲ್ಲಿ ಹೊಂದಿರುವ ಚಲನ ಶಕ್ತಿಗಿಂತ 160 ಕಿಲೋಮೀಟರಿನಲ್ಲಿ ಹೊಂದಿರುವ ಶಕ್ತಿ ಎರಡೂವರೆ ಪಟ್ಟಿಗೂ ಹೆಚ್ಚು. ಅಷ್ಟನ್ನೂ ಬ್ರೇಕುಗಳೇ ಶಾಖವಾಗಿ ಕರಗಿಸಬೇಕು. ಮೂಲ ಕೋಬ್ರಾದ ತೂಕ ಒಂದು ಟನ್ನಿಗೂ ಕಡಿಮೆ ಎಂಬುದೇ ಅದರ ಕೀರ್ತಿಗೂ ಅಪಾಯಕ್ಕೂ ಕಾರಣ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು ತಯಾರಕರು ನಿರ್ದಿಷ್ಟಪಡಿಸಿದ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಆದುದರಿಂದ ಇಂಥ ಎಂಜಿನುಗಳಿಗೆ ಇಲ್ಲಿ ತಕ್ಕ ಸ್ಥಳ ಪಂದ್ಯದ ಪಥ. ಹಿಂದೆ ಮದರಾಸಿನ ಬಳಿಯ ಶೋಲಾವರಂನ ವಿಮಾನಪಥದಲ್ಲಿ ಅಂಥ ಪಂದ್ಯಗಳು ನಡೆಯುತ್ತಿದ್ದವು. ಅನಂತರ ಇರುಂಗಾಟ್ಟುಕೋಟ್ಟೈ ಮತ್ತು ಕೊಯಮತ್ತೂರುಗಳಲ್ಲಿ ಅದಕ್ಕೆಂದೇ ಪಥಗಳಾದವು.

ಕಟ್ಟಿ ಮುಗಿದ ಎಂಜಿನನ್ನು ಒಡನೆಯೇ ಚಾಲೂ ಮಾಡುವುದಿಲ್ಲ. 302ರಲ್ಲಿ ಎಣ್ಣೆಯ ಪಂಪು ತಿರುಗುವುದು ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ದಂಡದಿಂದ. ಅದನ್ನು ಹೊರತೆಗೆದು, ಕೈ ಡ್ರಿಲ್ಲಿನಿಂದ ಪಂಪನ್ನು ತಿರುಗಿಸಿ, ಕವಾಟಗಳ ಮೇಲಿನ ಸನ್ನೆಗಳಲ್ಲೆಲ್ಲ ಎಣ್ಣೆ ಜಿನುಗುವವರೆಗೆ ಕಾಯುತ್ತಾರೆ. ಅನಂತರ ಮೊದಲ ಕಿಡಿ. ಹಳೆಯ ಬಗೆಯ ಚಪ್ಪಟೆ ತಳದ ಎತ್ತುಗಗಳಿರುವ ಕ್ಯಾಮ್ ದಂಡವಾದರೆ, ಎಂಜಿನ್ ಹತ್ತಿಕೊಂಡ ಕೂಡಲೇ ಅದನ್ನು ನಿಮಿಷಕ್ಕೆ 2,000 ಸುತ್ತಿನ ಮೇಲೆ ಸುಮಾರು ಇಪ್ಪತ್ತು ನಿಮಿಷ ಓಡಿಸಬೇಕು. ಹೊಸ ಯಂತ್ರವೆಂಬ ಮಮತೆಯಿಂದ ಮೆಲ್ಲಗೆ ಓಡಿಸಿದರೆ ಕ್ಯಾಮಿಗೆ ಎಣ್ಣೆ ಸಾಕಷ್ಟು ಚಿಮ್ಮದೆ ಉಬ್ಬುಗಳು ಸವೆದು ಚಪ್ಪಟೆಯಾಗುತ್ತವೆ. ಇಂದಿನ ಎಣ್ಣೆಗಳಲ್ಲಿ, ಹೊಗೆ ಶುದ್ಧಿಯ ಸಾಧನ ಕೆಡಬಾರದೆಂದು, ಸವೆತವನ್ನು ತಡೆಯುವ ಸತು ಮತ್ತು ರಂಜಕದ ಸಂಯುಕ್ತವನ್ನು ಕಡಿಮೆ ಮಾಡಿರುವುದರಿಂದ ಅದನ್ನು ಬೇರೆಯಾಗಿ ಸೇರಿಸುವ ಪದ್ಧತಿಯೂ ಇದೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಎಂಜಿನನ್ನು ಆರಿಸಿ, ಎಣ್ಣೆಯನ್ನು ಪೂರ್ತಿ ಇಳಿಸಿ, ಸೋಸುವ ಡಬ್ಬಿಯನ್ನು ಗರಗಸದ ಬದಲು ಕೊಯ್ಯುವ ಕತ್ತಿಯಿಂದ ತೆರೆಯುತ್ತಾರೆ. ಗರಗಸದ ಪುಡಿ ಒಳಗೆ ಬಿದ್ದರೆ ಪರೀಕ್ಷೆಯೇ ಕೆಡುತ್ತದೆ. ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತಾರೆ. ಅಯಸ್ಕಾಂತಕ್ಕೆ ಅಂಟುವ ಚೂರುಗಳಿದ್ದರೆ ಕ್ಯಾಮ್ ದಂಡವನ್ನೂ, ತಾಮ್ರದ ಬಣ್ಣದ ಹೊಳಪಿದ್ದರೆ ಬೇರಿಂಗನ್ನೂ ಮತ್ತೆ ಬಿಚ್ಚಿ ನೋಡಬೇಕು. ಎರಡೂ ಕಾಣದಿದ್ದರೆ ಹೊಸ ಎಣ್ಣೆಯನ್ನು ತುಂಬಿ, ಬೋಲ್ಟುಗಳ ಬಿಗಿತವನ್ನು ಇನ್ನೊಮ್ಮೆ ನೋಡಿ, ಕಾರನ್ನು ಹೊರಗೆ ತರಲಾಗುತ್ತದೆ.